ಫೋನ್‌ನಲ್ಲಿ ತುಂಬಲಾ, ಹಾಳೆಯಲ್ಲಿ ಬರೆಯಲಾ?

ಮುಂದೆ ಏನು ಓದಬೇಕು, ಯಾವ ಕೆಲಸ ಹಿಡಿಯಬೇಕು ಅಂತ ತೋಚದೆ ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಒಂದು ಪ್ರಶ್ನಾವಳಿ ಕೊಡುತ್ತೇನೆ. ಕೂಡಲೇ ಕೇಳುತ್ತಾರೆ: "ಮೇಡಂ, ಫೋನ್‌ನಲ್ಲೇ ತುಂಬಿದರೆ ನಡೆಯುತ್ತಾ? ಹಾಳೆಯಲ್ಲಿ ಬರೆದರೆ ಜಾಸ್ತಿ ಸರಿ ಬರುತ್ತಾ?"

ಅಂಕದ ಮಟ್ಟಿಗೆ ದೊಡ್ಡ ವ್ಯತ್ಯಾಸ ಇಲ್ಲ. ವೃತ್ತಿ ಆಯ್ಕೆಯ ಗೊಂದಲ ಅಳೆಯಲು ಗಾಟಿ, ಕ್ರೌಸ್ ಮತ್ತು ಓಸಿಪೊವ್ ಎಂಬ ಸಂಶೋಧಕರು 1996ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದರ ಈಚಿನ ರೂಪದಲ್ಲಿ 34 ಹೇಳಿಕೆಗಳಿವೆ. ಪ್ರತಿಯೊಂದೂ ನಮಗೆ ಎಷ್ಟು ಹೊಂದುತ್ತದೆ ಅಂತ 1ರಿಂದ 9ರ ಒಳಗೆ ಗುರುತಿಸಬೇಕು. ಮನಸ್ಸು ಇನ್ನೂ ತಯಾರಾಗಿಲ್ಲವೋ, ಮಾಹಿತಿ ಸಾಲದೋ, ಸಿಕ್ಕ ಮಾಹಿತಿ ಒಂದಕ್ಕೊಂದು ತಾಳೆಯಾಗುತ್ತಿಲ್ಲವೋ ಅಂತ ಅದರಿಂದ ತಿಳಿಯುತ್ತದೆ. ಗಾಟಿ ಮತ್ತು ಸಾಕಾ 2001ರಲ್ಲಿ ಇದರ ಇಂಟರ್ನೆಟ್ ರೂಪವನ್ನೂ ಹಾಳೆಯ ರೂಪವನ್ನೂ ಹೋಲಿಸಿ ನೋಡಿದರು. ಫಲಿತಾಂಶ ಎರಡರಲ್ಲೂ ಬಹುಮಟ್ಟಿಗೆ ಒಂದೇ ಥರ ಇತ್ತು.

ಆದರೆ 2001ರ ಇಂಟರ್ನೆಟ್ ಅಂದರೆ ಮೇಜಿನ ಮೇಲಿನ ಕಂಪ್ಯೂಟರ್, ಅಲ್ವಾ? ಈಗ ಅಂಗೈಯಗಲದ ಪರದೆ. ಒಂಬತ್ತು ಅಂಕಿಗಳು ಅದರಲ್ಲಿ ಒಂದೇ ಸಾಲಿಗೆ ಹಿಡಿಸದಿದ್ದರೆ 8, 9 ಪಕ್ಕಕ್ಕೆ ಅಡಗಿ ಕೂರುತ್ತವೆ. ಸರಿಸಿ ನೋಡದವರು ಕಣ್ಣಿಗೆ ಕಂಡಷ್ಟರಲ್ಲೇ ಒಂದನ್ನು ಒತ್ತಿಬಿಡುತ್ತಾರೆ. ಅದಕ್ಕೇ ಫೋನನ್ನು ಅಡ್ಡ ಹಿಡಿಯಿರಿ ಅಂತ ಮೊದಲೇ ಹೇಳುತ್ತೇನೆ.

ಇನ್ನೊಂದು ತೊಂದರೆ, ಉತ್ತರಿಸದೆ ಮುಂದಕ್ಕೆ ಬಿಡದ ಫಾರ್ಮ್‌ಗಳು. ಬೇಸತ್ತವರು ಸುಮ್ನೆ 5 ಒತ್ತಿ ಹೋಗುತ್ತಾರೆ. ಹಾಳೆಯಲ್ಲಾದರೆ ಖಾಲಿ ಬಿಡುತ್ತಿದ್ದರು. ಆ ಖಾಲಿ ಜಾಗದಿಂದಲೇ ನಾನು ಮಾತು ಶುರು ಮಾಡಬಹುದಿತ್ತು.

ಒಬ್ಬ ಹುಡುಗಿ ಪೆನ್ಸಿಲ್‌ನಲ್ಲಿ ತುಂಬಿ ಕೊಟ್ಟ ಹಾಳೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮನೆಯವರ ಇಷ್ಟಕ್ಕೂ ತನ್ನ ಇಷ್ಟಕ್ಕೂ ಹೊಂದುತ್ತಿಲ್ಲ ಎನ್ನುವ ಅರ್ಥದ ಹೇಳಿಕೆಯ ಮುಂದೆ 8ಕ್ಕೆ ಸುತ್ತು ಹಾಕಿ ಅಳಿಸಿದ್ದಳು. ಆಮೇಲೆ 4, ಅದನ್ನೂ ಅಳಿಸಿದ್ದಳು. ಕೊನೆಗೆ 2. ಉಜ್ಜಿ ಉಜ್ಜಿ ಅಲ್ಲಿ ಕಾಗದ ತೆಳ್ಳಗಾಗಿತ್ತು. ಅದೊಂದನ್ನೇ ಕೇಳಿದೆ. "ಬರೀವಾಗ ಅಪ್ಪ ಪಕ್ಕದಲ್ಲೇ ಕೂತಿದ್ರು," ಅಂದಳು. ಫೋನ್‌ನಲ್ಲಾಗಿದ್ದರೆ ಲೆಕ್ಕಕ್ಕೆ ಸಿಗುತ್ತಿದ್ದದ್ದು ಆ 2 ಮಾತ್ರ.

ಹಾಗಂತ ಹಾಳೆಯೇ ಮೇಲು ಅಂತ ನಾನು ಹೇಳುವುದಿಲ್ಲ. ಅಪ್ಪ ಪಕ್ಕದಲ್ಲಿ ಕೂತಿದ್ದದ್ದು ಹಾಳೆ ತುಂಬುವಾಗಲೇ ತಾನೇ! ಫೋನ್ ಆದರೆ ರಾತ್ರಿ ಒಬ್ಬಳೇ ಕೂತು ತುಂಬಬಹುದಿತ್ತು. ಅಂಕ ಕೂಡುವಾಗ ನನ್ನ ಕೈ ತಪ್ಪುವ ಭಯವೂ ಅಲ್ಲಿಲ್ಲ. ದೂರದಲ್ಲಿರುವವರಿಗಂತೂ ಅದೇ ಅನುಕೂಲ.

ಆದ್ದರಿಂದ ನಿಮ್ಮ ಕೈಗೆ ಯಾವುದು ಒಗ್ಗುತ್ತದೋ ಅದರಲ್ಲೇ ತುಂಬಿ, ಆದರೆ ಒಬ್ಬರೇ ಕೂತು ತುಂಬಿ. ಫೋನ್‌ನಲ್ಲಾದರೆ ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಯಾವ ಹೇಳಿಕೆಗೆ ಉತ್ತರ ಬದಲಿಸಿದಿರೋ ಅದರ ನಂಬರ್ ಬರೆದುಕೊಂಡು ಬನ್ನಿ. ನಾವು ಅಲ್ಲಿಂದಲೇ ಮಾತಾಡೋಣ.