ಇದು ಯಾತರದು?

ಮಗಳು ಈಗ ಇಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇಯರ್ ಒನ್ ಓದುತ್ತಿದ್ದಾಳೆ. ನಮ್ಮೂರ ಲೆಕ್ಕದಲ್ಲಿ ಯುಕೆಜಿ ಮುಗಿಸಿ ಒಂದನೇ ಕ್ಲಾಸಿಗೆ ಕಾಲಿಡುವ ವಯಸ್ಸು. ಹೋದ ತಿಂಗಳು ಒಂದು ದಿನ ಸ್ಕೂಲಿಂದ ಬಂದವಳೇ ಶೂ ಕೂಡ ಬಿಚ್ಚದೆ ಅಡುಗೆಮನೆಗೆ ನುಗ್ಗಿ, ಸೌಟು, ಲಟ್ಟಣಿಗೆ, ಜರಡಿ ಒಂದೊಂದಾಗಿ ಎತ್ತಿ ಹಿಡಿದು "ಅಮ್ಮ, ಇದು ಯಾವ ಮೆಟೀರಿಯಲ್?" ಅಂತ ಕೇಳತೊಡಗಿದಳು. ಒಲೆ ಮೇಲೆ ಸಾರು ಕುದೀತಿತ್ತು. ಉತ್ತರ ಹೇಳಿ ಹೇಳಿ ಸಾಕಾಯಿತು, ಆದರೆ ಅವಳಿಗೆ ಸಾಕಾಗಲಿಲ್ಲ.

ಇಂಗ್ಲೆಂಡಿನ ಮಕ್ಕಳಿಗೆ ಐದಾರು ವರ್ಷಕ್ಕೆ ಸಿಗುವ ವಿಜ್ಞಾನದ ಮೊದಲ ಪಾಠಗಳಲ್ಲಿ ಇದೂ ಒಂದು. ಈಗಿನ ಪಠ್ಯಕ್ರಮ 2014ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರಲ್ಲಿ ಮೊದಲ ಮೆಟ್ಟಿಲು ಏನಪ್ಪಾ ಅಂದ್ರೆ, ಕೈಯಲ್ಲಿರುವ ಸಾಮಾನು ಬೇರೆ, ಅದನ್ನು ಮಾಡಿರುವ ಸರಕು ಬೇರೆ ಅಂತ ಮಗುವಿಗೆ ಗೊತ್ತಾಗಬೇಕು. ಆಮೇಲೆ ಮರ, ಪ್ಲಾಸ್ಟಿಕ್, ಗಾಜು, ಲೋಹ, ನೀರು, ಕಲ್ಲು ಅಂತ ಹೆಸರು ಹೇಳಲು ಬರಬೇಕು. ಅದಾದ ಮೇಲೆ ಗಟ್ಟಿಯೋ ಮೆತ್ತಗೋ, ಬಗ್ಗುತ್ತೋ ಇಲ್ಲವೋ, ಎಳೆದರೆ ಹಿಗ್ಗುತ್ತೋ, ಹೊಳೆಯುತ್ತೋ, ನೀರು ಹೀರುತ್ತೋ, ಆಚೆ ಬದಿ ಇರುವುದು ಕಾಣುತ್ತೋ ಅಂತ ಕೈಯಲ್ಲಿ ಹಿಡಿದು ನೋಡಿ ಗುಂಪು ಮಾಡಬೇಕು. ಛತ್ರಿಗೆ ಯಾವುದು ಒಳ್ಳೆಯದು, ನಾಯಿ ಮಲಗುವ ಬುಟ್ಟಿಗೆ ಏನು ಹಾಸಬೇಕು, ಕಿಟಕಿ ಪರದೆಗೆ ಯಾವುದು ಸರಿ, ಇಂಥ ಪ್ರಶ್ನೆಗಳು ಪಠ್ಯಕ್ರಮದ ಟಿಪ್ಪಣಿಯಲ್ಲೇ ಇವೆ.

ಮನೆಯಲ್ಲಿ ನಾವು ಕನ್ನಡವನ್ನೇ ಮಾತಾಡುವುದು. ಹಾಗಾಗಿ ಇದನ್ನು ಕನ್ನಡದಲ್ಲೇ ಹೇಳಿಕೊಡೋಣ ಅಂತ ಹೊರಟರೆ ಮೊದಲ ಮೆಟ್ಟಿಲಲ್ಲೇ ನಿಂತುಹೋದೆ. ಆಬ್ಜೆಕ್ಟ್ ಅಂದರೆ ವಸ್ತು. ಮೆಟೀರಿಯಲ್ ಅಂದರೂ ವಸ್ತು! ಪದಾರ್ಥ ಅನ್ನೋಣ ಅಂದರೆ ಅವಳಿಗೆ ಅದು ತಿನ್ನುವ ಪದಾರ್ಥ. ಎರಡು ದಿನ ಇದೇ ತಲೆಯಲ್ಲಿತ್ತು. ಆಮೇಲೆ ಊರಲ್ಲಿ ಅಮ್ಮ ಪಾತ್ರೆ ಕೊಳ್ಳುತ್ತಿದ್ದದ್ದು ನೆನಪಾಯಿತು. ನಮ್ಮದು ತಿಪಟೂರು ಕಡೆ. ಸಂತೆಯಲ್ಲಿ ಬೆಲೆ ಕೇಳುವ ಮೊದಲು ಅಮ್ಮ ಪಾತ್ರೆಯನ್ನು ಬೆರಳಿನ ಗೆಣ್ಣಿಂದ ತಟ್ಟಿ, ಸದ್ದು ಕೇಳಿ, ಅಂಚು ಒತ್ತಿ ನೋಡಿ "ಇದು ಯಾತರದು?" ಅನ್ನುತ್ತಿದ್ದಳು. ಅಷ್ಟೇ ಅಲ್ವಾ! "ಇದು ಏನು?" ಅನ್ನುವುದು ಒಂದು ಪ್ರಶ್ನೆ, "ಇದು ಯಾತರದು?" ಅನ್ನುವುದು ಇನ್ನೊಂದು. ಚಮಚ, ಸ್ಟೀಲಿಂದು. ಮಣೆ, ಮರದ್ದು. ಕುಡಿಕೆ, ಮಣ್ಣಿಂದು. ಮಗಳು ಒಂದೇ ಸಂಜೆಯಲ್ಲಿ ಹಿಡಿದುಕೊಂಡಳು.

ಇಂಗ್ಲಿಷ್‌ನಲ್ಲಿ ಇದು ಇನ್ನೂ ತೊಡಕು ಅಂತ ಗೊತ್ತಾಗಿದ್ದು ಆಮೇಲೆ. ಮನೆಯಿಂದ ಒಂದು ಸಾಮಾನು ತನ್ನಿ ಅಂತ ಟೀಚರ್ ಹೇಳಿದ್ದರು, ಇವಳು ಕಾಫಿ ಕುಡಿಯುವ ಲೋಟ ತೆಗೆದುಕೊಂಡು ಹೋಗಿ "ಇದು ಸ್ಟೀಲ್ ಗ್ಲಾಸ್" ಅಂದಳು. ಸ್ಟೀಲೋ ಗ್ಲಾಸೋ, ಯಾವುದಾದರೂ ಒಂದು ಹೇಳು ಅಂತ ಮಕ್ಕಳೆಲ್ಲ ಕೂಗಿದರಂತೆ. ನಮಗೆ ಗಾಜು ಬೇರೆ, ಗ್ಲಾಸು ಬೇರೆ. ಅವರಿಗೆ ಎರಡಕ್ಕೂ ಒಂದೇ ಮಾತು. ಇಸ್ತ್ರಿ ಪೆಟ್ಟಿಗೆಗೂ ಕಬ್ಬಿಣಕ್ಕೂ 'ಐರನ್' ಅಂತ ಒಂದೇ ಹೆಸರು, ತವರಕ್ಕೂ ಡಬ್ಬಿಗೂ 'ಟಿನ್' ಅಂತ ಒಂದೇ ಹೆಸರು. ಟೀಚರ್ ಒಳ್ಳೆಯವರು, ಅವಳನ್ನು ತಿದ್ದಲಿಲ್ಲ. ಬೋರ್ಡಿನ ಮೇಲೆ ಲೋಟದ ಚಿತ್ರ ಬರೆದು ಅವತ್ತಿನ ಪಾಠವನ್ನೇ ಅಲ್ಲಿಂದ ಶುರು ಮಾಡಿದರಂತೆ.

ಗುರುವಾರ ಮಧ್ಯಾಹ್ನ ನಾನೂ ಆ ಕ್ಲಾಸಿಗೆ ಸಹಾಯಕ್ಕೆ ಹೋಗುತ್ತೇನೆ. ಗುಂಪು ಮಾಡುವ ಆಟವನ್ನು ಹತ್ತಿರದಿಂದ ನೋಡಿದ್ದು ಅಲ್ಲೇ. ಪಿಟಿ ಪಿರಿಯಡ್‌ನಲ್ಲಿ ಸೊಂಟಕ್ಕೆ ಹಾಕಿ ತಿರುಗಿಸುವ ದೊಡ್ಡ ರಿಂಗುಗಳು ಇರುತ್ತವಲ್ಲ, ಅವನ್ನು ಎರಡು ತಂದು ನೆಲದ ಮೇಲೆ ಇಡುತ್ತಾರೆ. ಒಂದರಲ್ಲಿ "ಬಗ್ಗುತ್ತೆ" ಅನ್ನುವ ಚೀಟಿ, ಇನ್ನೊಂದರಲ್ಲಿ "ನೀರು ಒಳಗೆ ಬಿಡಲ್ಲ" ಅನ್ನುವ ಚೀಟಿ. ಬುಟ್ಟಿ ತುಂಬ ಸಾಮಾನು. ಒಬ್ಬ ಹುಡುಗನ ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಬಂತು. ಬಗ್ಗಿಸಿ ನೋಡಿದ, ಮೊದಲನೇ ರಿಂಗಿನ ಹತ್ತಿರ ಹೋದ. ನೀರು ಬಿಡಲ್ಲ ಅಂತ ನೆನಪಾಗಿ ಎರಡನೆಯದರ ಹತ್ತಿರ ಬಂದ. ಮತ್ತೆ ವಾಪಸ್ ಹೋದ. ನನಗೆ ಬಾಯಿ ತುದಿಗೆ ಬಂದಿತ್ತು, ಟೀಚರ್ ಕಣ್ಣಲ್ಲೇ ಬೇಡ ಅಂದರು. ಒಂದು ನಿಮಿಷ ಆಗಿರಬೇಕು, ಆ ಹುಡುಗ ಬಗ್ಗಿ ಒಂದು ರಿಂಗನ್ನು ಎಳೆದು ಇನ್ನೊಂದರ ಮೇಲೆ ಅರ್ಧ ಬರುವ ಹಾಗೆ ಇಟ್ಟು, ಆ ನಡುವಿನ ಜಾಗದಲ್ಲಿ ಗ್ಲೌಸ್ ಹಾಕಿದ. ನನಗೆ ಮೈ ಜುಮ್ಮೆಂದಿತು, ನಿಜ.

ಛತ್ರಿ ಪರೀಕ್ಷೆಯ ದಿನ ನಾನು ಸುಮ್ನೆ ಇರಲಿ ಅಂತ ಊರಿನ ಕಂಬಳಿಯ ಒಂದು ತುಂಡು ತೆಗೆದುಕೊಂಡು ಹೋಗಿದ್ದೆ. ಆಟವೇನೆಂದರೆ ಗೊಂಬೆಯ ಮೇಲೆ ಬೇರೆಬೇರೆ ಬಟ್ಟೆ ಹೊದಿಸಿ, ಡ್ರಾಪರ್‌ನಿಂದ ಹನಿ ಹನಿ ನೀರು ಬಿಟ್ಟು, ಯಾವಾಗ ಗೊಂಬೆ ನೆನೆಯುತ್ತೆ ಅಂತ ಎಣಿಸುವುದು. ಹತ್ತಿ ಬಟ್ಟೆ ಮೊದಲ ಹನಿಗೇ ಕುಡಿದುಬಿಟ್ಟಿತು. ಪ್ಲಾಸ್ಟಿಕ್ ಕವರ್ ಮೇಲೆ ನೀರು ಜಾರಿ ಹೋಯಿತು. ಕಂಬಳಿಯ ಮೇಲೆ ಹನಿ ಮಣಿಯ ಹಾಗೆ ನಿಂತಿತು! ಮಕ್ಕಳು ಮೂಗು ತಾಗಿಸಿ ನೋಡಿದರು. ಹನಿ ಜಾಸ್ತಿ ಆದಂತೆ ನಿಧಾನಕ್ಕೆ ಅದೂ ಹೀರತೊಡಗಿತು. ಈಗ ಇದನ್ನು ಯಾವ ಗುಂಪಿಗೆ ಹಾಕುವುದು? ದೊಡ್ಡ ಜಗಳವೇ ಆಯಿತು. ಕುರಿಯ ಉಣ್ಣೆಯಲ್ಲಿ ಜಿಡ್ಡು ಇರುತ್ತೆ, ಅದರ ಮೇಲೆ ನಮ್ಮಲ್ಲಿ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ, ಕುರಿ ಕಾಯುವವರು ಮಳೆಯಲ್ಲಿ ಇದನ್ನೇ ಕೊಪ್ಪೆ ಹಾಕಿಕೊಳ್ಳುತ್ತಾರೆ ಅಂತ ನಾನು ಹೇಳಿದೆ. ತಲೆ ಮೇಲೆ ಹಾಕಿ ತೋರಿಸಿದೆ. ಟೀಚರ್ ಅದಕ್ಕೆ ಜೋಡಿಸಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಕಥೆ ಹೇಳಿದರು. ಎರಡು ಪದರ ಬಟ್ಟೆಯ ನಡುವೆ ರಬ್ಬರ್ ಕರಗಿಸಿ ಹಚ್ಚಿ 1823ರಲ್ಲಿ ಪೇಟೆಂಟ್ ಪಡೆದವನು ಅವನು, ಇವತ್ತಿಗೂ ಇಲ್ಲಿ ರೇನ್‌ಕೋಟಿಗೆ 'ಮ್ಯಾಕ್' ಅನ್ನುತ್ತಾರೆ. ಕಂಬಳಿ ಕೊನೆಗೆ ನೀರು ಬಿಡುವ ಗುಂಪಿಗೂ ಬಿಡದ ಗುಂಪಿಗೂ ಸೇರದೆ, "ಸ್ವಲ್ಪ ಹೊತ್ತು ಮಾತ್ರ" ಅಂತ ಮಕ್ಕಳೇ ಬರೆಸಿದ ಹೊಸ ಚೀಟಿಯ ಮೇಲೆ ಕೂತಿತು.

ಇದನ್ನೆಲ್ಲ ನೋಡುವಾಗ ನನಗೆ ನಮ್ಮ ಊರಿನ ಮನೆಗಳೇ ಕಣ್ಣ ಮುಂದೆ ಬರುತ್ತವೆ. ನಾನು ಓದುವಾಗ ಹೊಳಪು, ಗಡಸುತನ, ಪಾರದರ್ಶಕತೆ ಎಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ ಮಾತುಗಳು. ಎನ್‌ಸಿಇಆರ್‌ಟಿಯ ಆರನೇ ತರಗತಿ ವಿಜ್ಞಾನದಲ್ಲಿ ಈ ಪಾಠ ಈಗಲೂ ಇದೆ, ಪಾಠ ಚೆನ್ನಾಗಿಯೇ ಇದೆ. ಆದರೆ ಮಗು ಅಷ್ಟು ವರ್ಷ ಯಾಕೆ ಕಾಯಬೇಕು? ಇಲ್ಲಿನ ಮನೆಗಳಲ್ಲಿ ನೋಡಿದ್ದೆಲ್ಲ ಪ್ಲಾಸ್ಟಿಕ್, ಸ್ಟೀಲ್, ಗಾಜು. ನಮ್ಮಲ್ಲಿ ಹಿತ್ತಾಳೆ, ತಾಮ್ರ, ಮಣ್ಣು, ಬಿದಿರು, ಗೋಣಿ, ಅಡಿಕೆ ಹಾಳೆ, ತೆಂಗಿನ ಚಿಪ್ಪು, ಬಾಳೆ ನಾರು. ಬೋಂಡ ಕಟ್ಟಿಕೊಟ್ಟ ಪೇಪರನ್ನು ದೀಪಕ್ಕೆ ಹಿಡಿದರೆ ಸಾಕು, ಎಣ್ಣೆ ಇಳಿದ ಕಡೆ ಬೆಳಕು ಹಾದು ಬರುತ್ತೆ. ಪೇಪರಿನ ಎಳೆಗಳ ನಡುವಿನ ಗಾಳಿಯ ಜಾಗಕ್ಕೆ ಎಣ್ಣೆ ತುಂಬಿ ಬೆಳಕು ಚದುರುವುದು ಕಡಿಮೆ ಆಗುತ್ತೆ, ಅಷ್ಟೇ. ಅದಕ್ಕಿಂತ ಸುಲಭವಾಗಿ ಅರೆಪಾರದರ್ಶಕ ಅನ್ನುವುದನ್ನು ಹೇಗೆ ಹೇಳಿಕೊಡುತ್ತೀರಿ?

ಒಂದು ಅಯಸ್ಕಾಂತ ಮಾತ್ರ ಕೊಂಡುಕೊಡಿ. ಸ್ಕೂಲಲ್ಲಿ ಅದು ಇಯರ್ ತ್ರೀಗೆ ಬರುತ್ತೆ, ನಾವು ಮನೆಯಲ್ಲಿ ಈಗಲೇ ಶುರು ಮಾಡಿದೆವು. ಇಲ್ಲಿನ ಎರಡು ಪೆನ್ಸ್ ನಾಣ್ಯಗಳೆಲ್ಲ ನೋಡಲು ತಾಮ್ರದ ಬಣ್ಣ. ಆದರೆ ಹಳೆಯವು ಕಂಚಿನವು, ಅಂಟುವುದಿಲ್ಲ. 1992ರಿಂದ ಉಕ್ಕಿಗೆ ತಾಮ್ರದ ಲೇಪ ಕೊಡತೊಡಗಿದರು, ಅವು ಟಕ್ಕಂತ ಅಂಟುತ್ತವೆ. ಮಗಳು ಇಸವಿ ಓದಿ ಓದಿ ಎರಡು ಸಾಲು ಮಾಡಿದಳು. ಆಮೇಲೆ ನನ್ನ ಪರ್ಸಿನ ಮೂಲೆಯಲ್ಲಿದ್ದ ನಮ್ಮ ಒಂದು ರೂಪಾಯಿ ನಾಣ್ಯ ಅಂಟಿತು. ಅವಳ ಸ್ಟೀಲ್ ಲೋಟ ಅಂಟಲಿಲ್ಲ. ಎರಡೂ ಸ್ಟೇನ್‌ಲೆಸ್ ಸ್ಟೀಲೇ! ಸ್ಟೇನ್‌ಲೆಸ್ ಸ್ಟೀಲಿಗೆ ಸಾಕಷ್ಟು ನಿಕ್ಕಲ್ ಬೆರೆಸಿದರೆ ಒಳಗಿನ ಕಣಗಳ ಜೋಡಣೆಯೇ ಬದಲಾಗಿ ಅಯಸ್ಕಾಂತ ಎಳೆಯುವುದಿಲ್ಲ, ನಾಣ್ಯದ ಸ್ಟೀಲಿನಲ್ಲಿ ಆ ಬೆರಕೆ ಇಲ್ಲ. ಅವಳಿಗೆ ಅಷ್ಟೆಲ್ಲ ಹೇಳಲಿಲ್ಲ. "ಹೆಸರು ಒಂದೇ, ಆದರೆ ಒಳಗೆ ಬೇರೆ" ಅಂದೆ. ತಲೆ ಆಡಿಸಿದಳು.

ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದಾಗ ಅಂಗಳದಲ್ಲಿ ಹಗ್ಗ ಕಾಣಿಸಿತು. "ಅಜ್ಜಿ, ಆ ಹಗ್ಗ ಯಾತರದು?" ಅಂತ ಇವಳು ಕೇಳಿದ್ದೇ ತಡ, ಅಮ್ಮನಿಗೆ ಎಲ್ಲಿಲ್ಲದ ಖುಷಿ. "ತೆಂಗಿನ ನಾರಿಂದು ಕಣವ್ವ. ಮಟ್ಟೆನ ತಿಂಗಳುಗಟ್ಟಲೆ ನೀರಲ್ಲಿ ನೆನೆ ಹಾಕಿ, ಬಡಿದು ನಾರು ತೆಗೀತಿದ್ರು."

"ನಮ್ಮ ಕ್ಲಾಸ್ ಬಾಗಿಲಲ್ಲಿರೋ ಕಾಲೊರಸು ಕೂಡ ಅದರದ್ದೇ ಅಜ್ಜಿ!"

"ಹೌದಾ? ಹಂಗಾದ್ರೆ ಇದು ಯಾತರದು ಹೇಳು ನೋಡನ" ಅಂತ ಅಮ್ಮ ಒಳಗೆ ಹೋಗಿ ದೇವರ ಮನೆಯಿಂದ ಒಂದು ಚೊಂಬು ತಂದು ಕ್ಯಾಮೆರಾಗೆ ಹಿಡಿದಳು.

ಮಗಳು ಫೋನಿಗೆ ಮುಖ ಅಂಟಿಸಿ ನೋಡಿದಳು. "ಹೊಳೀತಾ ಇದೆ. ಗಟ್ಟಿ ಇದೆ. ಅಜ್ಜಿ, ತಟ್ಟು, ಸದ್ದು ಕೇಳಬೇಕು." ಅಮ್ಮ ತಟ್ಟಿದಳು. "ನಿನ್ನ ಹತ್ರ ಮ್ಯಾಗ್ನೆಟ್ ಇದೆಯಾ?"

"ಇರು, ಫ್ರಿಜ್ ಬಾಗಿಲ ಮೇಲೆ ಒಂದೈತೆ, ತತ್ತೀನಿ" ಅಂತ ಫೋನನ್ನು ಜಗಲಿ ಮೇಲಿಟ್ಟು ಅಮ್ಮ ಎದ್ದುಹೋದಳು. ನಾವಿಬ್ಬರೂ ಹೆಂಚಿನ ಮಾಡು ನೋಡುತ್ತಾ ಕಾಯುತ್ತಿದ್ದೆವು. "ಅಮ್ಮ, ಅದು ಮಣ್ಣಿಂದು" ಅಂದಳು ಮಗಳು.