ಕೀ ತಿರುಗಿಸಿದರೂ ದೋಣಿಯ ಹಿಂಬದಿಯ ಹಳೆಯ ಔಟ್‌ಬೋರ್ಡ್ ಮೋಟರ್ ಮಿಸುಕದಿದ್ದರೆ

ಸ್ಟಾರ್ಟರ್ ಸುಟ್ಟಿದೆ ಎಂದು ತಕ್ಷಣ ಬಿಚ್ಚಬೇಡಿ. ಉಪ್ಪುನೀರಿನ ದೋಣಿಗಳಲ್ಲಿ ದೋಷ ಹೆಚ್ಚಾಗಿ ಹಸಿರುಗಟ್ಟಿದ ತಂತಿ ತುದಿಗಳಲ್ಲೇ ಇರುತ್ತದೆ.

ಪ್ರೊಪೆಲ್ಲರ್ ತೆಗೆದಿಡಿ, ಪ್ಲಗ್ ವೈರ್‌ಗಳನ್ನು ಕಳಚಿ ಎಂಜಿನ್‌ನ ಲೋಹಕ್ಕೆ ತಾಗಿಸಿ ಅರ್ತ್ ಮಾಡಿ, ಲಿವರ್ ನ್ಯೂಟ್ರಲ್‌ನಲ್ಲಿರಲಿ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗಿಳಿದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಆಮೇಲೆ ಫ್ಯೂಸ್ ನೋಡಿ. ಅದು ಕೂರುವ ಹೋಲ್ಡರಿನೊಳಗಿನ ತುಕ್ಕನ್ನೂ ನೋಡಿ, ಹಲವರು ಮರೆಯುವುದು ಇದನ್ನೇ.

ಈಗ ಸೊಲೆನಾಯ್ಡ್, ಅಂದರೆ ಕೀ ತಿರುಗಿಸಿದಾಗ ಬ್ಯಾಟರಿಯನ್ನು ಸ್ಟಾರ್ಟರಿಗೆ ಜೋಡಿಸುವ ವಿದ್ಯುತ್ ಸ್ವಿಚ್. ಕೀಯನ್ನು ಸ್ಟಾರ್ಟ್‌ನಲ್ಲಿ ಹಿಡಿದು ಸಣ್ಣ ಟರ್ಮಿನಲ್ ಅಳೆಯಿರಿ. 12 ವೋಲ್ಟ್ ಬಂದು ಬರೀ 'ಟಕ್' ಎಂದರೆ, ಕೀ ಹಿಡಿದೇ ಎರಡು ದಪ್ಪ ಟರ್ಮಿನಲ್‌ಗಳ ನಡುವೆ ಅಳೆಯಿರಿ. ಅಲ್ಲಿಯೂ 12 ಇದ್ದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಸದ್ದೇ ಇಲ್ಲವೆಂದರೆ ಸೊಲೆನಾಯ್ಡಿನ ಅರ್ತ್ ಅಥವಾ ಕಾಯಿಲ್ ಹೋಗಿದೆ. ಸಣ್ಣ ಟರ್ಮಿನಲ್‌ಗೆ ವೋಲ್ಟೇಜೇ ಬರದಿದ್ದರೆ ಅದಕ್ಕೆ ಬರುವ ಹಳದಿ-ಕೆಂಪು ತಂತಿಯನ್ನು (ಮರ್ಕ್ಯುರಿ, ಜಾನ್ಸನ್ ಕಂಪನಿಗಳ ಹಲವು ಮಾದರಿಗಳಲ್ಲಿ ಇದೇ ಬಣ್ಣ) ಕೀ ಕಡೆಗೆ ಹಿಂದಕ್ಕೆ ಹಿಡಿದು ಹೋಗಿ. ದಾರಿಯಲ್ಲಿ ಕಂಟ್ರೋಲ್ ಬಾಕ್ಸಿನ ನ್ಯೂಟ್ರಲ್ ಸ್ವಿಚ್ ಸಿಗುತ್ತದೆ: ನ್ಯೂಟ್ರಲ್‌ನಲ್ಲಿ ಮಾತ್ರ ಸರ್ಕಿಟ್ ಕೂಡಬೇಕು. ಅದು ಕೆಟ್ಟಿದ್ದರೆ ಬದಲಿಸಿ, ನೇರ ಜೋಡಿಸಿ ಬಿಡಬೇಡಿ. ಗೇರಿನಲ್ಲೇ ಸ್ಟಾರ್ಟ್ ಆದರೆ ನಿಂತವರು ನೀರಿಗೆ ಬೀಳುತ್ತಾರೆ.

ಎಂಜಿನ್ ತಿರುಗಿದರೂ ಕಿಡಿ ಇಲ್ಲವೇ? ಹಲವು ಹಳೆಯ ಮೋಟರ್‌ಗಳಲ್ಲಿ ಕಪ್ಪು-ಹಳದಿ ಸ್ಟಾಪ್ ತಂತಿ ಅರ್ತ್ ಆದರೆ ಕಿಡಿ ನಿಲ್ಲುತ್ತದೆ. ಅದನ್ನು ಕಳಚಿದಾಗ ಕಿಡಿ ಬಂದರೆ ದೋಷ ಕೀ ಸ್ವಿಚ್, ಹಗ್ಗದ ಸ್ವಿಚ್ (ಹಗ್ಗ ಎಳೆದರೆ ಎಂಜಿನ್ ನಿಲ್ಲಿಸುವುದು) ಅಥವಾ ವೈರಿಂಗ್‌ನಲ್ಲಿದೆ. ಆ ತಂತಿಗೆ 12 ವೋಲ್ಟ್ ಎಂದೂ ಮುಟ್ಟಿಸಬೇಡಿ, ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ಸಿಡಿಐ ಯೂನಿಟ್ ಸುಟ್ಟುಹೋಗುತ್ತದೆ.