ಇವತ್ತು ಅರಳುತ್ತೆ ಅಂದಿದ್ದೆ

2025 ಜುಲೈ 20, ಭಾನುವಾರ, ಮೈಸೂರು

ಬೆಳಿಗ್ಗೆ ಆರಕ್ಕೆ ಬಾಲ್ಕನಿ ಬಾಗಿಲು ತೆಗೆದರೆ ಹೂ ಜೋಲುಬಿದ್ದಿತ್ತು. ಹಿಂಡಿ ತಂತಿಗೆ ಹಾಕಿದ ಒದ್ದೆ ಕರ್ಚೀಫಿನ ಹಾಗೆ. ನಾಲ್ಕು ವರ್ಷ ಕಾದಿದ್ದು ಇದಕ್ಕಾ ಅಂತ ಅಲ್ಲೇ ನಿಂತುಬಿಟ್ಟೆ.

ಮೊದಲಿಂದ ಹೇಳುತ್ತೇನೆ. 2021ರಲ್ಲಿ ಅಮ್ಮನ ಮನೆಯಿಂದ ಬರುವಾಗ ಬ್ರಹ್ಮಕಮಲದ ಒಂದೇ ಒಂದು ಎಲೆ ತಂದಿದ್ದೆ. ಒದ್ದೆ ಪೇಪರಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು. ನಾವು ಬ್ರಹ್ಮಕಮಲ ಅನ್ನುವ ಇದು ಅಸಲಿ ಬ್ರಹ್ಮಕಮಲ ಅಲ್ಲ ಬಿಡಿ. ಅಸಲಿಯದು ಹಿಮಾಲಯದ ಹೂ, ಉತ್ತರಾಖಂಡದ ರಾಜ್ಯಪುಷ್ಪ. ನಮ್ಮ ಬಾಲ್ಕನಿಯದು ಮಧ್ಯ ಅಮೆರಿಕ ಕಡೆಯಿಂದ ಬಂದ ಕಳ್ಳಿ ಜಾತಿ. ನಾವು ಎಲೆ ಅಂದುಕೊಂಡಿರುವುದೂ ಎಲೆಯಲ್ಲ, ಚಪ್ಪಟೆ ಕಾಂಡ. ಇಷ್ಟೆಲ್ಲ ಗೊತ್ತಿದ್ದೂ ಅರಳಿದರೆ ಆರತಿ ಎತ್ತಬೇಕು ಅಂತಲೇ ನಾನು ಕಾಯುತ್ತಿದ್ದೆ.

ಈ ವರ್ಷ ಜೂನ್ ಕೊನೆಗೆ ಎಲೆಯ ಅಂಚಿನಲ್ಲಿ ಮೂರು ಮೊಗ್ಗು ಕಂಡವು. ಅಕ್ಕಿಕಾಳಿನಷ್ಟು. ಅದರಲ್ಲಿ ಎರಡು ಮೊಗ್ಗು ಒಂದೇ ವಾರದಲ್ಲಿ ಉದುರಿದವು. ಮೂರನೆಯದು ನಿಂತಿತು. ತೊಟ್ಟು ಉದ್ದವಾಯಿತು, ಮೊದಲು ಕೆಳಗೆ ಜೋತು ಬಿತ್ತು, ಆಮೇಲೆ ಬಾತುಕೋಳಿ ಕತ್ತಿನ ಹಾಗೆ ಮೆಲ್ಲಗೆ ಮೇಲಕ್ಕೆ ಬಾಗಿತು. ನಾನು ದಿನ ಎಣಿಸಿದೆ. ಕ್ಯಾಲೆಂಡರಿನಲ್ಲಿ 18ಕ್ಕೆ ಗುಂಡಗೆ ಸುತ್ತು ಹಾಕಿದೆ. ಕೊನೆ ಆಷಾಢ ಶುಕ್ರವಾರ! ಅವತ್ತೇ ಅರಳಬೇಕು ಅಂತ ಹೂವಿಗೆ ಯಾರು ಹೇಳಿದ್ದರೋ, ನನಗಂತೂ ಖಾತ್ರಿಯಾಗಿತ್ತು.

ಶುಕ್ರವಾರ ಸಂಜೆ ಕಡಲೆಬೇಳೆ ನೆನೆಹಾಕಿ ಆಂಬೊಡೆ ಮಾಡಿದೆ. ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದೆ. ಎದುರುಮನೆ ಆಂಟಿ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದಿದ್ದರು. ಆದರೂ ಮಂಡಿ ನೀವಿಕೊಳ್ಳುತ್ತಾ ಬಂದು ಕೂತರು. ಬೇಗ ಬರುತ್ತೇನೆ ಅಂದಿದ್ದ ನಮ್ಮವರು ಬೆಂಗಳೂರಿಂದ ಮನೆ ಮುಟ್ಟಿದಾಗ ಹತ್ತೂವರೆ. ಮೊಗ್ಗು ಹಾಗೇ ಇತ್ತು, ಬಾಯಿ ಬಿಗಿದುಕೊಂಡು. ಹನ್ನೊಂದಾಯಿತು. ಮಕ್ಕಳು ಆಕಳಿಸಿದರು. ಆಂಬೊಡೆ ಮಾತ್ರ ಖಾಲಿ.

ಎದ್ದು ಹೊರಡುವಾಗ ಆಂಟಿ ಹೇಳಿದರು, "ನಂಗೆ ಬಂದ ತಕ್ಷಣವೇ ಅನ್ನಿಸ್ತು ಕಣೇ, ಇವತ್ತಿಲ್ಲ ಅಂತ. ಅರಳೋ ದಿನ ಬೆಳಿಗ್ಗೆಯಿಂದಲೇ ಮೊಗ್ಗು ಉಬ್ಬಿರುತ್ತೆ, ತುದಿ ಸಡಿಲ ಆಗಿರುತ್ತೆ."

"ಮತ್ತೆ ಹೇಳಬಾರದಿತ್ತಾ ಆಂಟಿ?"

"ನೀನು ಕೇಳಲಿಲ್ವಲ್ಲ."

ಅವರ ಮನೆಯಲ್ಲಿ ಈ ಗಿಡ ಹತ್ತಾರು ಸಲ ಹೂ ಬಿಟ್ಟಿದೆ. ನನಗೆ ನಗು ಬಂತು. ಯಾಕಂದರೆ ನಾನು ಬಿ.ಎಡ್. ಮಕ್ಕಳಿಗೆ ಪ್ರತಿ ವರ್ಷ ಇದೇ ಕಥೆ ಹೇಳುತ್ತೇನೆ. ಡೇನಿಯಲ್ ಕಾನೆಮನ್ ಅಂತ ಮನಶ್ಶಾಸ್ತ್ರಜ್ಞರು, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದವರು. ಇಸ್ರೇಲಿನಲ್ಲಿ ಹೈಸ್ಕೂಲಿಗೆ ಒಂದು ಪಠ್ಯ ಬರೆಯುವ ತಂಡ ಕಟ್ಟಿದ್ದರು. ಎಷ್ಟು ದಿನ ಬೇಕು ಅಂದರೆ ಎಲ್ಲರೂ ಹೆಚ್ಚುಕಡಿಮೆ ಎರಡು ವರ್ಷ ಅಂತ ಬರೆದುಕೊಟ್ಟರು. ಇಂಥ ತಂಡಗಳನ್ನು ಬಹಳ ನೋಡಿದ್ದ ಹಿರಿಯರೊಬ್ಬರು ಅಲ್ಲೇ ಕೂತಿದ್ದರು. ಅವರೂ ಹಾಗೇ ಬರೆದಿದ್ದರು! ಬೇರೆ ತಂಡಗಳಿಗೆ ಎಷ್ಟು ಹಿಡಿಯಿತು ಅಂತ ಬಿಡಿಸಿ ಕೇಳಿದಾಗ, ಏಳು ವರ್ಷಕ್ಕಿಂತ ಮೊದಲು ಮುಗಿಸಿದವರನ್ನು ನೋಡಿಲ್ಲ ಅಂದರು. ಕೊನೆಗೆ ಎಂಟು ವರ್ಷ ಆಯಿತು. ನಮ್ಮ ಲೆಕ್ಕಾಚಾರ ಹೀಗೆ ದಾರಿ ತಪ್ಪುವುದಕ್ಕೆ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಹೆಸರಿಟ್ಟಿದ್ದಾರೆ, ಪ್ಲಾನಿಂಗ್ ಫ್ಯಾಲಸಿ ಅಂತ. ಇದನ್ನು ಬೋರ್ಡಿನ ಮೇಲೆ ಬರೆದು ಬರೆದು ನನ್ನ ಕೈ ಸೋತಿದೆ. ಮನೆಗೆ ಬಂದು ಕ್ಯಾಲೆಂಡರಿಗೆ ಸುತ್ತು ಹಾಕುವಾಗ ಒಂದೂ ನೆನಪಾಗಲಿಲ್ಲ.

ನಗು ಬಂದಿದ್ದು ಆಂಟಿ ವಿಷಯಕ್ಕೆ. ಇವರ ವಿಷಯಕ್ಕೆ ಬಂದಿದ್ದು ಸಿಟ್ಟು. ಅವತ್ತು ಒಂದು ದಿನ ಬೇಗ ಬರಬಾರದಿತ್ತಾ? ನನಗೆ ಅದು ಎಷ್ಟು ಮುಖ್ಯ ಅಂತ ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಹೇಳಿ ಮಾಡಿಸಿಕೊಂಡರೆ ಅದರಲ್ಲಿ ಏನಿದೆ ಅನ್ನೋ ಜಾತಿ ನಾನು. ಹದಿಮೂರು ವರ್ಷದ ಸಂಸಾರದಲ್ಲಿ ಈ ಒಂದು ಚಟದಿಂದ ಎಷ್ಟು ರಾತ್ರಿ ಊಟ ಕೆಟ್ಟಿದೆಯೋ ಲೆಕ್ಕವಿಲ್ಲ.

ನಿನ್ನೆ ಶನಿವಾರ ಬೆಳಗಿಂದ ತಲೆನೋವು. ಹೂವಿನ ಕಡೆ ತಿರುಗಿಯೂ ನೋಡಲಿಲ್ಲ. ಒಂಬತ್ತಕ್ಕೆ ಮಾತ್ರೆ ನುಂಗಿ ಮಲಗಿಬಿಟ್ಟೆ. ರಾತ್ರಿ ಹನಿ ಶುರುವಾಯಿತಂತೆ. ಒಣಗಿದ ಬಟ್ಟೆ ತೆಗೆಯಲು ಹೋದ ಇವರಿಗೆ ಘಮ್ ಅಂತ ವಾಸನೆ ಹೊಡೆಯಿತಂತೆ. ನೋಡಿದರೆ ಊಟದ ಪುಟ್ಟ ತಟ್ಟೆಯಷ್ಟಗಲ ಅರಳಿದೆ.

"ಎಬ್ಬಿಸಬಾರದಿತ್ತೇನ್ರೀ?" ಬೆಳಿಗ್ಗೆ ಹೆಚ್ಚುಕಡಿಮೆ ಕೂಗಿದೆ.

"ಮಾತ್ರೆ ತಗೊಂಡು ಮಲಗಿದ್ದೆ. ಎಬ್ಬಿಸಿದ್ರೆ ಬೈತೀಯ ಅಂತ..."

"ಇದಕ್ಕೆ ಬೈತೀನಾ?"

"ನಂಗೇನ್ ಗೊತ್ತು? ನೀನು ಹೇಳಿರಲಿಲ್ವಲ್ಲ."

ಈ ಮಾತನ್ನು ಎರಡು ದಿನದಲ್ಲಿ ಎರಡನೇ ಸಲ ಕೇಳಿದೆ. ನಾನು ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡಿದೆ. ಇವರು ಕಾಫಿ ಲೋಟದ ಪಕ್ಕ ಸುಮ್ನೆ ಫೋನ್ ಇಟ್ಟು ಹಲ್ಲುಜ್ಜಲು ಹೋದರು.

ವಿಡಿಯೋ. ಹದಿನಾಲ್ಕು ನಿಮಿಷ. ಮೊದಲ ಎರಡು ನಿಮಿಷ ಬರೀ ಕತ್ತಲು, ದೂರದಲ್ಲಿ ನಾಯಿ. ಆಮೇಲೆ ಟಾರ್ಚ್ ಹಾಕುವುದು ಹೊಳೆದಿರಬೇಕು. ಬೆಳ್ಳಗಿನ ದಳ, ಒಳಗೆ ಕೂದಲೆಳೆಯಂಥ ಕೇಸರಗಳು, ನಡುಗುವ ಕೈ. ನಡುವೆ ಪಟ್ ಅಂತ ಸೊಳ್ಳೆ ಹೊಡೆದ ಸದ್ದು, ಫೋನ್ ವಾಲಿ ಅರ್ಧ ನಿಮಿಷ ನೀಲಿ ಬಕೆಟ್ ದರ್ಶನ. ಮತ್ತೆ ಹೂ. ಏಳನೇ ನಿಮಿಷಕ್ಕೆ ಕುರ್ಚಿ ಎಳೆದುಕೊಂಡ ಶಬ್ದ. ಅಷ್ಟು ಹೊತ್ತೂ ನಿಂತೇ ಇದ್ದರು ಅಂತ ಆಗ ಗೊತ್ತಾಯಿತು. ನಾನು ಇಡೀ ಹದಿನಾಲ್ಕು ನಿಮಿಷ ನೋಡಿದೆ. ಕಾಫಿ ಆರಿಹೋಯಿತು.

ಆಂಟಿಗೂ ವಾಟ್ಸಾಪಿನಲ್ಲಿ ಕಳಿಸೋಣ ಅಂದರೆ ಅಷ್ಟುದ್ದದ್ದು ಹೋಗಲಿಲ್ಲ, ಕತ್ತರಿಸಿ ಎರಡು ನಿಮಿಷ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ಹೂ ಚೆನ್ನಾಗಿದೆ. ಹಿಂದೆ ಅಷ್ಟು ಅಪಸ್ವರವಾಗಿ ಹಾಡ್ತಿರೋದು ಯಾರೇ?"